ಮೇಲಿನ ಬಣ್ಣ, ಒಳಗಿನ ಬಿರುಕು

ಕ್ಲಾಸಿನಲ್ಲಿ ನನ್ನ ಪಕ್ಕ ಕೂರುವವರದು ಒಂದೇ ದೂರು: ನನ್ನ ಮೈಯಿಂದ ಥಿನ್ನರ್ ವಾಸನೆ ಬರುತ್ತದಂತೆ. ಉಗುರಿನ ಸಂದಿಯಲ್ಲಿ ಒಮ್ಮೆ ನೀಲಿ, ಒಮ್ಮೆ ಕೆಂಪು. "ಏನೋ ಮಾಡ್ತೀಯ ನೀನು?" ಎಂದು ಕೇಳುವವರಿಗೆಲ್ಲ ಒಂದೊಂದು ಸಲ ಒಂದೊಂದು ಉತ್ತರ ಕೊಟ್ಟು ಸಾಕಾಗಿದೆ. ಆದ್ದರಿಂದ ಈ ಸಲ ಪತ್ರಿಕೆಗೆ ಬರೆದು ಎಲ್ಲರಿಗೂ ಒಟ್ಟಿಗೇ ಹೇಳಿಬಿಡುತ್ತೇನೆ. ನಾನು ಹಳೆಯ ಬೇಸ್ ಗಿಟಾರುಗಳನ್ನು ಬಿಚ್ಚಿ, ಉಜ್ಜಿ, ರಿಪೇರಿ ಮಾಡಿ, ಹೊಸದಾಗಿ ಬಣ್ಣ ಹೊಡೆಯುತ್ತೇನೆ. ಇದುವರೆಗೆ ಮೂರು ಮುಗಿಸಿದ್ದೇನೆ. ಮೂರನೆಯದರ ಕಥೆ ಹೇಳಲೆಂದೇ ಈ ಲೇಖನ. ಆದರೆ ಮೊದಲ ಎರಡನ್ನು ಬಿಟ್ಟರೆ ಮೂರನೆಯದು ಅರ್ಥವಾಗುವುದಿಲ್ಲ.

ಅಬ್ಬಾ ದಾವಣಗೆರೆಯಲ್ಲಿ ಬೈಕಿನ ಟ್ಯಾಂಕು, ಮಡ್‌ಗಾರ್ಡುಗಳಿಗೆ ಬಣ್ಣ ಹೊಡೆಯುವವರು. ಪಿ.ಬಿ. ರಸ್ತೆಯ ಹಿಂದಿನ ಓಣಿಯಲ್ಲಿ ಒಂದು ಶೀಟಿನ ಅಂಗಡಿ, ಒಂದು ಕಂಪ್ರೆಸರ್, ಎರಡು ಗನ್ನು, ಇಷ್ಟೇ ಆಸ್ತಿ. ಅಮ್ಮಿಯ ತವರು ಹರಿಹರ. ನನ್ನ ನಾನಾ ಹರಿಹರದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯಲ್ಲಿ ಪ್ಯಾಟರ್ನ್ ಕೆಲಸದವರಾಗಿದ್ದರು. 1941ರಲ್ಲಿ ಶುರುವಾದ ಆ ಕಾರ್ಖಾನೆಯ ಲೇತ್ ಮಷಿನುಗಳು ಒಂದು ಕಾಲಕ್ಕೆ ದೇಶದ ತುಂಬ ಓಡಾಡಿದವು. ಲೇತಿನ ಎರಕದ ಭಾಗಗಳನ್ನು ಕಬ್ಬಿಣದಲ್ಲಿ ಹೊಯ್ಯುವ ಮೊದಲು ಅದೇ ಆಕಾರವನ್ನು ಕಟ್ಟಿಗೆಯಲ್ಲಿ ಮಾಡಬೇಕು. ಅದರ ಸುತ್ತ ಮರಳು ಬಡಿದು, ಕಟ್ಟಿಗೆಯನ್ನು ಹೊರತೆಗೆದು, ಉಳಿದ ಪೊಳ್ಳಿಗೆ ಕರಗಿದ ಕಬ್ಬಿಣ ಹೊಯ್ಯುತ್ತಾರೆ. ಕಬ್ಬಿಣ ತಣ್ಣಗಾದಾಗ ಕುಗ್ಗುತ್ತದೆ. ಅದಕ್ಕೆ ಕಟ್ಟಿಗೆಯ ಅಚ್ಚನ್ನು ಅಡಿಗೆ ಒಂದು ಸೂತಿನಷ್ಟು, ಅಂದರೆ ಎಂಟನೇ ಒಂದು ಇಂಚಿನಷ್ಟು ದೊಡ್ಡದಾಗಿಯೇ ಮಾಡಬೇಕು. ನಾನಾಗೆ ಈಗ ಎಪ್ಪತ್ತು ದಾಟಿದೆ. ಆದರೂ ಒಂದು ಹಲಗೆಯ ಮೇಲೆ ಹೆಬ್ಬೆರಳು ಆಡಿಸಿ "ಇಲ್ಲಿ ಅರ್ಧ ಸೂತು ಏರಿದೆ" ಎಂದರೆ ಅಳೆದು ನೋಡುವ ಅಗತ್ಯವಿಲ್ಲ.

ಒಂದು ಕಡೆ ಬಣ್ಣ, ಇನ್ನೊಂದು ಕಡೆ ಕಟ್ಟಿಗೆ. ನಡುವೆ ನಾನು, ಕಾಮರ್ಸ್ ವಿದ್ಯಾರ್ಥಿ.

ಎಸ್ಸೆಸ್ಸೆಲ್ಸಿ ಮುಗಿದ ವರ್ಷ ನಮ್ಮ ಓಣಿಯ ಒಬ್ಬ ಅಣ್ಣ ಅಂಗಡಿಗೆ ಬಂದರು. ಮದುವೆ, ಗಣೇಶನ ಹಬ್ಬದ ರಸಮಂಜರಿಗಳಲ್ಲಿ ಬೇಸ್ ನುಡಿಸುವವರು. ಕೈಯಲ್ಲಿದ್ದ ಗಿಟಾರು ತೋರಿಸಿ, "ಚಾಚಾ, ಟ್ಯಾಂಕಿಗೆ ಹೊಡೆಯೋ ಬಣ್ಣ ಇದಕ್ಕೂ ಹೊಡೀತೀರಾ?" ಎಂದರು. ಅಬ್ಬಾ ನಕ್ಕು, "ಟ್ಯಾಂಕು ಯಾವುದು, ಕಟ್ಟಿಗೆ ಯಾವುದು ಅಂತ ಬಣ್ಣಕ್ಕೆ ಗೊತ್ತಿಲ್ಲ. ಹೊಡೆಯೋನಿಗೆ ಗೊತ್ತಿರಬೇಕು" ಎಂದು ಹೇಳಿ ಅದನ್ನು ನನ್ನ ಕೈಗೆ ಕೊಟ್ಟರು. ನನಗೆ ಗೊತ್ತಿರಲಿಲ್ಲ. ಯಾರೋ ಬ್ರಷ್ಷಿನಲ್ಲಿ ಬಳಿದಿದ್ದ ಹಳೆಯ ಎನಾಮಲ್ ಮೇಲೆಯೇ ಎನ್‌ಸಿ ಬಣ್ಣವನ್ನು ಥಿನ್ನರಿನಲ್ಲಿ ಬೆರೆಸಿ ಹೊಡೆದೆ. ಐದು ನಿಮಿಷದಲ್ಲಿ ಕಾದ ಹಾಲಿನ ಕೆನೆಯಂತೆ ಇಡೀ ಮೈ ಸುಕ್ಕುಗಟ್ಟಿತು. ಥಿನ್ನರು ಕೆಳಗಿನ ಎನಾಮಲ್ಲನ್ನು ಕಚ್ಚಿ ಎಬ್ಬಿಸಿತ್ತು. ಎಲ್ಲವನ್ನೂ ಕೆರೆದು ಕಟ್ಟಿಗೆಯವರೆಗೆ ಇಳಿಸಿ ಎರಡನೇ ಸಲ ಹೊಡೆದೆ. ಅವತ್ತು ಜಿಟಿಜಿಟಿ ಮಳೆ. ಕಪ್ಪು ಬಣ್ಣದ ಮೇಲೆ ಬೂದಿ ಎರಚಿದಂತೆ ಬೆಳ್ಳಗಾಯಿತು. ಥಿನ್ನರು ಬೇಗ ಹಾರುವಾಗ ಮೇಲ್ಮೈ ತಣ್ಣಗಾಗುತ್ತದೆ, ಗಾಳಿಯಲ್ಲಿನ ತೇವ ಅದರ ಮೇಲೆ ಕೂತು ಬಣ್ಣದೊಳಗೆ ಸಿಕ್ಕಿಕೊಳ್ಳುತ್ತದೆ. ಇದನ್ನು ಅಬ್ಬಾ ಮೊದಲೇ ಹೇಳಬಹುದಿತ್ತು. ಹೇಳಲಿಲ್ಲ. ಮೂರನೇ ಸಲ ಬಿಸಿಲು ಬಂದ ಮೇಲೆ, ತೆಳ್ಳಗೆ, ಒಂದೊಂದು ಕೋಟು ಒಣಗಲು ಬಿಟ್ಟು ಹೊಡೆದೆ. ಆಗ ಮಾತ್ರ ಅಬ್ಬಾ ಹತ್ತಿರ ಬಂದು ನೋಡಿ, "ಈಗ ಕಲಿತೆ" ಎಂದರು.

ಬಣ್ಣ ಹೊಡೆಯುವುದು ಐದು ನಿಮಿಷದ ಕೆಲಸ. ಅದರ ಹಿಂದಿನ ಉಜ್ಜುವಿಕೆ ಐದು ದಿನದ್ದು. ಮೊದಲು 120 ನಂಬರಿನ ಉಪ್ಪುಕಾಗದ, ಆಮೇಲೆ 220, 320. ಕಟ್ಟಿಗೆಯ ಎಳೆಯ ದಿಕ್ಕಿನಲ್ಲೇ ಉಜ್ಜಬೇಕು. ಅಡ್ಡ ಉಜ್ಜಿದರೆ ಆ ಗೀರು ಕೊನೆಯ ಕೋಟಿನವರೆಗೂ ಅಣಕಿಸುತ್ತದೆ. ಸೀಲರ್, ಪ್ರೈಮರ್, ಸಣ್ಣ ಗುಂಡಿಗಳಿಗೆ ಪುಟ್ಟಿ, ಮತ್ತೆ 400. ಬಣ್ಣ, ಅದರ ಮೇಲೆ ಕ್ಲಿಯರ್. ಅದು ಪೂರ್ತಿ ಗಟ್ಟಿಯಾಗಲು ವಾರಗಟ್ಟಲೆ ಬಿಟ್ಟು, ನೀರು ಹಾಕಿ 1000, 1500, 2000 ನಂಬರಿನ ವಾಟರ್ ಪೇಪರಿನಲ್ಲಿ ಉಜ್ಜಿ, ಕೊನೆಗೆ ರಬ್ಬಿಂಗ್ ಕಾಂಪೌಂಡ್. ಆಗ ಮುಖ ಕಾಣುತ್ತದೆ. ಬೆರಳಿಡುವ ಪಟ್ಟಿಗೆ ಮಾತ್ರ ಬಣ್ಣ ಹಚ್ಚುವುದಿಲ್ಲ. ಅದು ಹೆಚ್ಚಾಗಿ ಬೀಟೆ ಮರದ್ದು. ಚೂರು ಅಗಸೆ ಎಣ್ಣೆ ಒರೆಸಿದರೆ ಸಾಕು. ನಮ್ಮ ಮಲೆನಾಡಿನಲ್ಲಿ ಬೆಳೆಯುವ ಈ ಬೀಟೆಗೆ ಜಗತ್ತಿನ ಗಿಟಾರ್ ತಯಾರಕರಲ್ಲಿ ಬಹಳ ಬೇಡಿಕೆ. 2017ರಲ್ಲಿ ಬೀಟೆಯ ಜಾತಿಯ ಮರಗಳೆಲ್ಲ ಅಂತರರಾಷ್ಟ್ರೀಯ ವ್ಯಾಪಾರದ ನಿಯಂತ್ರಣಕ್ಕೆ ಒಳಪಟ್ಟಾಗ ಗಿಟಾರುಗಳನ್ನು ದೇಶದಿಂದ ದೇಶಕ್ಕೆ ಕಳಿಸುವುದೇ ಕಷ್ಟವಾಗಿತ್ತು. 2019ರ ಕೊನೆಗೆ ತಯಾರಾದ ವಾದ್ಯಗಳಿಗೆ ವಿನಾಯಿತಿ ಸಿಕ್ಕಿತು.

ಬೇಸ್ ಗಿಟಾರ್ ಎಂದರೇನು ಎಂದು ಕೇಳುವವರಿಗೆ ಒಂದು ಮಾತು. ಮಾಮೂಲಿ ಗಿಟಾರಿಗೆ ಆರು ತಂತಿ, ಇದಕ್ಕೆ ಸಾಮಾನ್ಯವಾಗಿ ನಾಲ್ಕು. ಅತ್ಯಂತ ದಪ್ಪನೆಯ ತಂತಿ ಸೆಕೆಂಡಿಗೆ ಸುಮಾರು 41 ಸಲ ಅದುರುತ್ತದೆ. ಹಾಡಿನಲ್ಲಿ ಅದು ಕಿವಿಗಿಂತ ಎದೆಗೆ ಕೇಳಿಸುತ್ತದೆ. ಇದ್ದಾಗ ಯಾರೂ ಗಮನಿಸುವುದಿಲ್ಲ, ತೆಗೆದರೆ ಹಾಡು ಟೊಳ್ಳಾಗುತ್ತದೆ. ಮೊದಲು ಈ ಕೆಲಸಕ್ಕೆ ಆಳೆತ್ತರದ ಡಬಲ್ ಬೇಸನ್ನು ಹೊತ್ತು ತಿರುಗಬೇಕಿತ್ತು. 1951ರಲ್ಲಿ ಅಮೆರಿಕದ ಲಿಯೋ ಫೆಂಡರ್ ಭುಜಕ್ಕೆ ತೂಗುಹಾಕುವ 'ಪ್ರಿಸಿಶನ್ ಬೇಸ್' ತಂದರು. ಪಟ್ಟಿಯ ಮೇಲೆ ಫ್ರೆಟ್ಟುಗಳಿರುವುದರಿಂದ ಸ್ವರ ಕರಾರುವಾಕ್ಕಾಗಿ ಬರುತ್ತದೆ ಎಂದೇ ಆ ಹೆಸರು. ಈ ಲಿಯೋ ಫೆಂಡರ್ ಕಾಲೇಜಿನಲ್ಲಿ ಓದಿದ್ದು ಏನು ಗೊತ್ತೇ? ಅಕೌಂಟಿಂಗ್! ಲೆಕ್ಕ ಬರೆಯುವ ನೌಕರಿ ಹೋದ ಮೇಲೆ 1938ರಲ್ಲಿ ರೇಡಿಯೋ ರಿಪೇರಿ ಅಂಗಡಿ ಇಟ್ಟವರು. ಅವರಿಗೆ ಗಿಟಾರ್ ನುಡಿಸಲೂ ಬರುತ್ತಿರಲಿಲ್ಲ. ಅವರ ಕಂಪನಿ ಗಿಟಾರುಗಳಿಗೆ ಹೊಡೆದ ವಿಶೇಷ ಬಣ್ಣಗಳು ಕಾರಿನ ಬಣ್ಣಗಳೇ. 'ಫಿಯೆಸ್ಟಾ ರೆಡ್' ಫೋರ್ಡ್ ಥಂಡರ್‌ಬರ್ಡ್ ಕಾರಿನದು, 'ಲೇಕ್ ಪ್ಲಾಸಿಡ್ ಬ್ಲೂ' ಕ್ಯಾಡಿಲಾಕಿನದು. ಇದನ್ನು ಓದಿದ ದಿನ ಅಬ್ಬಾಗೆ ಹೇಳಿದೆ. "ನೋಡಿದೆಯಾ, ನಮ್ಮ ಅಂಗಡಿ ಎಷ್ಟು ದೊಡ್ಡದು!" ಎಂದು ಅಂದು ಸಂಜೆ ಎಲ್ಲರಿಗೂ ಮಂಡಕ್ಕಿ ಮೆಣಸಿನಕಾಯಿ ಕೊಡಿಸಿದರು.

ನನಗೂ ನುಡಿಸಲು ಬರುವುದಿಲ್ಲ. ನಮ್ಮ ಮನೆಯಲ್ಲಿ ವಾದ್ಯದ ವಿಷಯಕ್ಕೆ ಎಲ್ಲರದೂ ಒಂದೇ ಅಭಿಪ್ರಾಯವಲ್ಲ. ಅದನ್ನು ಮುಚ್ಚಿಡುವುದೇಕೆ? ಅಮ್ಮಿ ಮೊದಲು ಬೇಡವೆಂದೇ ಹೇಳಿದ್ದರು. ನಂತರ ಎರಡು ಷರತ್ತಿನ ಮೇಲೆ ಒಪ್ಪಿದರು. ಒಂದು, ಮನೆಯೊಳಗೆ ತಂತಿ ಕಟ್ಟಬಾರದು, ಕಟ್ಟಿಗೆಯ ಕೆಲಸ ಮಾತ್ರ. ಎರಡು, ಈ ಹವ್ಯಾಸ ಮನೆಯ ದುಡ್ಡು ತಿನ್ನಬಾರದು, ಲೆಕ್ಕ ಬರೆದು ತೋರಿಸಬೇಕು. ಆದರೆ ಮಹಿಳೆಯರಿಗೆ ಸರ್ಕಾರಿ ಬಸ್ಸು ಉಚಿತವಾದ ಮೇಲೆ ಹರಿಹರಕ್ಕೆ ಹೋಗುವಾಗಲೆಲ್ಲ ಹಳೆಯ ದುಪಟ್ಟಾದಲ್ಲಿ ಸುತ್ತಿದ ಗಿಟಾರಿನ ನೆಕ್ಕನ್ನು ಬ್ಯಾಗಿನಲ್ಲಿಟ್ಟುಕೊಂಡು ಹೋಗಿ ನಾನಾಗೆ ತಲುಪಿಸುತ್ತಿದ್ದವರು ಅಮ್ಮಿಯೇ. "ನನ್ನ ಟಿಕೆಟ್ ಖರ್ಚು ಉಳಿಯಿತು" ಎಂದರೆ "ಅದನ್ನೂ ಲೆಕ್ಕದಲ್ಲಿ ಬರಿ" ಎನ್ನುತ್ತಿದ್ದರು.

ಎರಡನೆಯ ಗಿಟಾರಿನಲ್ಲಿ ಲಾಭ ಬಂತು. ಆ ದುಡ್ಡಿನಲ್ಲಿ ಅಬ್ಬಾಗೆ ಕಾರ್ಟ್ರಿಜ್ ಇರುವ ಮಾಸ್ಕು ತಂದೆ. ಇಷ್ಟು ವರ್ಷ ಬಾಯಿಗೆ ಕರ್ಚೀಫು ಕಟ್ಟಿ ಬಣ್ಣ ಹೊಡೆದವರು ಅವರು. ರಾತ್ರಿ ಅವರು ಕೆಮ್ಮುವುದನ್ನು ಕೇಳುತ್ತ ನಾನು ಬೆಳೆದಿದ್ದೇನೆ. ಹಾರ್ಡ್‌ನರ್ ಬೆರೆಸುವ ಪಿಯು ಬಣ್ಣವನ್ನು ಇವತ್ತಿಗೂ ನನ್ನ ಕೈಗೆ ಕೊಡುವುದಿಲ್ಲ. ಅದರ ಆವಿ ಶ್ವಾಸಕೋಶಕ್ಕೆ ಬಹಳ ಕೆಟ್ಟದ್ದು.

ಈಗ ಮೂರನೆಯದು.

ಕಳೆದ ಬೇಸಿಗೆಯಲ್ಲಿ ದಾವಣಗೆರೆಯ ಒಂದು ಗುಜರಿಯಲ್ಲಿ ಕಪ್ಪು ಬೇಸ್ ಒಂದು ಸಿಕ್ಕಿತು. ತಂತಿ ಇರಲಿಲ್ಲ, ಹೆಸರು ಕೆರೆದು ಹೋಗಿತ್ತು. 2,200 ರೂಪಾಯಿ ಕೊಟ್ಟೆ. ಸುದ್ದಿ ಹೇಗೋ ಹರಡಿ, ಡಿಗ್ರಿ ಓದುವ ಒಬ್ಬ ಅಣ್ಣ ಬಂದು, "ನೀಲಿ ಬಣ್ಣ ಹೊಡೆದು ತಂತಿ ಕಟ್ಟಿ ಕೊಡು, 7,500 ಕೊಡ್ತೀನಿ" ಎಂದು 1,000 ರೂಪಾಯಿ ಮುಂಗಡ ಕೊಟ್ಟರು. ನಾನು ಮನಸ್ಸಿನಲ್ಲೇ ಲಾಭ ಲೆಕ್ಕ ಹಾಕಿದೆ. ದ್ವಿತೀಯ ಪಿಯುಸಿಯ ಟ್ಯೂಷನ್ನಿನ ಮೊದಲ ಕಂತನ್ನು ನಾನೇ ಕಟ್ಟುತ್ತೇನೆ ಎಂದು ಅಮ್ಮಿಗೆ ಮಾತೂ ಕೊಟ್ಟುಬಿಟ್ಟೆ.

ಒಂದು ಭಾನುವಾರ ಹರಿಹರದಲ್ಲಿ ನಾನಾ ಮನೆಯ ಹಿಂದೆ ಕೂತು ತಲೆಯ ಭಾಗದ ಕಪ್ಪು ಬಣ್ಣ ಇಳಿಸುತ್ತಿದ್ದೆ. ತಲೆ ಎಂದರೆ ಬಿರಡೆಗಳಿರುವ ತುದಿ. ಬಣ್ಣದ ಕೆಳಗೆ ಕಟ್ಟಿಗೆ ಬರಬೇಕಿತ್ತು, ಬೂದು ಬಣ್ಣದ ಪುಟ್ಟಿ ಬಂತು. ಇನ್ನಷ್ಟು ಉಜ್ಜಿದೆ. ತಲೆಯೂ ನೆಕ್ಕೂ ಸೇರುವ ಜಾಗದಲ್ಲಿ ಕೂದಲೆಳೆಯಂಥ ಗೆರೆ, ಓರೆಯಾಗಿ, ಒಂದು ಬದಿಯಿಂದ ಅರ್ಧದವರೆಗೆ. ಯಾವಾಗಲೋ ಬಿದ್ದು ಒಡೆದಿದೆ, ಯಾರೋ ಪುಟ್ಟಿ ತುಂಬಿ ಕಪ್ಪು ಹೊಡೆದು ಮಾರಿದ್ದಾರೆ. ನನಗೂ ಹಾಗೆಯೇ ಬಂದಿದೆ.

ನಾಲ್ಕು ತಂತಿ ಸರಿಯಾಗಿ ಬಿಗಿದರೆ ಒಟ್ಟು ಎಳೆತ 70 ಕಿಲೋಗೂ ಹೆಚ್ಚು. ಒಬ್ಬ ದೊಡ್ಡ ಮನುಷ್ಯ ಹಗಲು ರಾತ್ರಿ ಆ ತಲೆಗೆ ಜೋತುಬಿದ್ದ ಹಾಗೆ. ಪುಟ್ಟಿ ಅದನ್ನು ತಡೆಯುವುದಿಲ್ಲ.

ನಾನಾ ನೋಡಿದರು. ಬ್ಲೇಡಿನಿಂದ ಪುಟ್ಟಿಯನ್ನೆಲ್ಲ ಕೆದಕಿ ತೆಗೆಸಿದರು. ಬಿರುಕನ್ನು ಮೆಲ್ಲಗೆ ಅಗಲಿಸಿ, ತೆಳುವಾದ ಫೆವಿಕಾಲನ್ನು ಒಳಗೆ ಇಳಿಸಿ, ದಾರದಿಂದ ಎಳೆದೆಳೆದು ಪೂರ್ತಿ ಹರಡಿಸಿದರು. ಆಮೇಲೆ ತಮ್ಮ ಹಳೆಯ ಶಿಕಂಜಾ ತಂದು ಎರಡು ಕಡೆ ಬಿಗಿದು, "ನಾಳೆ ಈ ಹೊತ್ತಿನವರೆಗೆ ಮುಟ್ಟಬೇಡ" ಎಂದರು. ಕಟ್ಟಿಗೆಗೆ ಕಟ್ಟಿಗೆ ಸರಿಯಾಗಿ ಕೂತರೆ ಅಂಟು ಕಟ್ಟಿಗೆಗಿಂತ ಗಟ್ಟಿಯಂತೆ. ಮರುದಿನ ಬಿಚ್ಚಿ ಅಂಗೈಯಿಂದ ಒತ್ತಿ ನೋಡಿದರು, ಕಿವಿಯ ಹತ್ತಿರ ಹಿಡಿದು ಬೆರಳಲ್ಲಿ ತಟ್ಟಿದರು. "ನಿಲ್ಲುತ್ತೆ" ಎಂದರು.

ಬಿರುಕು ಸೇರಿಕೊಂಡಿತ್ತು, ಆದರೆ ಗೆರೆ ಹೋಗಿರಲಿಲ್ಲ. ಕಂದು ಬಣ್ಣದ ಸಣ್ಣ ಗೆರೆ, ಹಳೆಯ ಗಾಯದ ಹಾಗೆ. ನಾನು ಕೇಳಿದೆ: "ನಾನಾ, ತಲೆಗೂ ನೀಲಿ ಹೊಡೆದುಬಿಡಲಾ? ರಿಪೇರಿ ಗಟ್ಟಿಯಾಗಿದೆಯಲ್ಲ. ಯಾರಿಗೂ ಕಾಣೋದಿಲ್ಲ." ಇದರಲ್ಲಿ ಮೋಸವೇನೂ ಇಲ್ಲ ಎಂದು ನನಗೆ ನಾನೇ ಹೇಳಿಕೊಂಡಿದ್ದೆ.

ನಾನಾ ಹೌದು ಎನ್ನಲಿಲ್ಲ, ಇಲ್ಲ ಎನ್ನಲಿಲ್ಲ. ಶಿಕಂಜಾದ ತಿರುಪಿಗೆ ಎಣ್ಣೆ ಹಾಕುತ್ತ ಕಾರ್ಖಾನೆಯ ಮಾತು ತೆಗೆದರು. "ನಾವು ಪ್ಯಾಟರ್ನಿಗೂ ಬಣ್ಣ ಹಚ್ತಿದ್ದೆವು ಬೇಟಾ. ಅಂದಕ್ಕಲ್ಲ. ಯಾವ ಭಾಗ ಮಷಿನ್ನಿನಲ್ಲಿ ಕೊರೆಯಬೇಕು, ಯಾವ ಭಾಗ ಹಾಗೇ ಬಿಡಬೇಕು ಅಂತ ಮುಂದಿನವನಿಗೆ ಬಣ್ಣ ಹೇಳಬೇಕು. ನಮ್ಮಲ್ಲಿ ಬಣ್ಣ ಇದ್ದದ್ದು ಹೇಳೋದಕ್ಕೆ." ಅಷ್ಟು ಹೇಳಿ ನಮಾಜಿಗೆ ಎದ್ದು ಹೋದರು.

ಹರಿಹರದಿಂದ ದಾವಣಗೆರೆ ದೊಡ್ಡ ದೂರವೇನಲ್ಲ. ಆದರೆ ಅವತ್ತು ಬಸ್ಸಿನಲ್ಲಿ ದಾರಿ ಸಾಗಲಿಲ್ಲ. ಚಿಕ್ಕವನಿದ್ದಾಗ ಮಕ್ತಬಿನಲ್ಲಿ ಕೇಳಿದ ಒಂದು ಪ್ರಸಂಗ ನೆನಪಾಯಿತು. ಪ್ರವಾದಿಯವರು, ಸಲ್ಲಲ್ಲಾಹು ಅಲೈಹಿ ವಸಲ್ಲಮ್, ಸಂತೆಯಲ್ಲಿ ಧಾನ್ಯದ ರಾಶಿಯೊಳಗೆ ಕೈ ಹಾಕಿದರು. ಮೇಲೆ ಒಣಗಿತ್ತು, ಒಳಗೆ ಒದ್ದೆ. ಮಳೆಗೆ ನೆನೆಯಿತು ಎಂದ ವ್ಯಾಪಾರಿ. ಹಾಗಾದರೆ ಜನರಿಗೆ ಕಾಣುವಂತೆ ನೆನೆದದ್ದನ್ನು ಮೇಲಿಡಬಾರದಿತ್ತೇ ಎಂದು ಅವರು ಕೇಳಿದರು. ನಮ್ಮ ದಾದಾ ಎಪಿಎಂಸಿಯಲ್ಲಿ ಹಮಾಲಿಯಾಗಿದ್ದವರು. ಮೆಕ್ಕೆಜೋಳದ ರಾಶಿಯಲ್ಲಿ ಮೊಣಕೈವರೆಗೆ ಕೈ ಹಾಕಿ ತೇವ ನೋಡುವುದನ್ನು ನಾನೂ ನೋಡಿದ್ದೇನೆ. ಆ ಪ್ರಸಂಗವನ್ನು ನಾನು ಯಾವಾಗಲೂ ಬೇರೆಯವರ ಕಥೆ ಎಂದೇ ಕೇಳಿದ್ದೆ. ನನ್ನ ಮಡಿಲಲ್ಲಿದ್ದ ನೆಕ್ಕೂ ಒಂದು ರಾಶಿ ಎಂದು ಆ ಬಸ್ಸಿನಲ್ಲಿ ಮೊದಲ ಸಲ ಅನ್ನಿಸಿತು.

ನನಗಿದ್ದ ಸಮಾಧಾನ ಒಂದೇ: ರಿಪೇರಿ ಗಟ್ಟಿಯಾಗಿದೆ. ಆದರೆ ಹಾಗಿದ್ದರೆ ಹೇಳಲು ಹೆದರಿಕೆ ಏಕೆ? ಹೇಳಿದರೆ ಬೆಲೆ ಇಳಿಯುತ್ತದೆ, ಅದಕ್ಕೆ. ಹಾಗಾದರೆ ನಾನು ಮುಚ್ಚುತ್ತಿರುವುದು ಬಿರುಕನ್ನಲ್ಲ, ಇಳಿಯಬೇಕಾದ ಬೆಲೆಯನ್ನು. ಕಾಮರ್ಸ್ ಓದುವವನಿಗೆ ಇದು ಅರ್ಥವಾಗದೆ ಇರುವುದಿಲ್ಲ.

ಬಾಡಿಗೆ ನೀಲಿ ಹೊಡೆದೆ. ತಲೆಗೆ ಬಣ್ಣ ಹೊಡೆಯದೆ ಬರೀ ಕ್ಲಿಯರ್ ಕೊಟ್ಟೆ. ಗೆರೆ ಗಾಜಿನೊಳಗೆ ಇಟ್ಟಂತೆ ಕಾಣುತ್ತಿತ್ತು. ಮುಂಗಡ ಕೊಟ್ಟ ಅಣ್ಣನನ್ನು ಕರೆದು ತೋರಿಸಿ ಎಲ್ಲ ಹೇಳಿದೆ. ಅವರು ಗಿಟಾರನ್ನು ಎರಡು ಸಲ ತಿರುಗಿಸಿ ನೋಡಿದರು. "ಒಡೆದದ್ದು ಯಾಕೆ ಬೇಕು ತಮ್ಮಾ, ಬೇರೆ ನೋಡ್ತೀನಿ" ಎಂದರು. ಅವರದೇನೂ ತಪ್ಪಿಲ್ಲ. ಅವರ 1,000 ರೂಪಾಯಿ ವಾಪಸ್ ಕೊಟ್ಟೆ. ಅದರಲ್ಲಿ 600 ಆಗಲೇ ಖರ್ಚಾಗಿದ್ದರಿಂದ ಅಬ್ಬಾ ಹತ್ತಿರ ಸಾಲ ಮಾಡಬೇಕಾಯಿತು. ಟ್ಯೂಷನ್ನಿನ ಕಂತನ್ನು ಅಮ್ಮಿಯೇ ಕಟ್ಟಿದರು. ಏನೂ ಅನ್ನಲಿಲ್ಲ. ಅಂದಿದ್ದರೆ ಚೆನ್ನಾಗಿತ್ತು.

ಎರಡು ತಿಂಗಳು ಗಿಟಾರು ಅಂಗಡಿಯ ಗೋಡೆಗೆ ನೇತಾಡಿತು. ಬೈಕು ತಂದವರೆಲ್ಲ ನೋಡುತ್ತಿದ್ದರು, ಬೆಲೆ ಕೇಳುತ್ತಿದ್ದರು, ಗೆರೆ ತೋರಿಸಿದ ಕೂಡಲೇ ಮಾತು ಬದಲಿಸುತ್ತಿದ್ದರು. ಸುಮ್ಮನೆ ನೀಲಿ ಹೊಡೆದಿದ್ದರೆ ಆಗುತ್ತಿತ್ತು ಎಂದು ನನಗೆ ಅನ್ನಿಸಿದ್ದು ಒಂದು ಸಲವಲ್ಲ, ಬಹಳ ಸಲ. ಇಲ್ಲಿ ದೊಡ್ಡ ಮಾತು ಬರೆದು ಅದನ್ನು ಮುಚ್ಚಲಾರೆ.

ಆಮೇಲೊಂದು ದಿನ ವಯಸ್ಸಾದ ಆರ್ಕೆಸ್ಟ್ರಾ ಮಾಸ್ತರೊಬ್ಬರು ಸ್ಕೂಟರಿನ ಬಣ್ಣಕ್ಕೆ ಬಂದರು. ಗಿಟಾರು ಇಳಿಸಿಕೊಂಡು, ನಾನು ಹೇಳುವ ಮೊದಲೇ ಹೆಬ್ಬೆರಳನ್ನು ಸೀದಾ ಆ ಗೆರೆಯ ಮೇಲಿಟ್ಟರು, ಥೇಟ್ ನನ್ನ ನಾನಾ ಥರ.

"ಯಾರು ಕೂಡಿಸಿದ್ದು?"

"ನಮ್ಮ ನಾನಾ. ಕಿರ್ಲೋಸ್ಕರ್‌ನಲ್ಲಿ ಪ್ಯಾಟರ್ನ್ ಕೆಲಸ ಮಾಡ್ತಿದ್ರು."

"ಹಂಗಾದ್ರೆ ಸರಿ ಐತಿ" ಎಂದರು. "ಎಲ್ಲಿ ಒಡೆದೈತಿ ಅಂತ ಗೊತ್ತಿರೋ ವಾದ್ಯದ್ದು ಭಯ ಇಲ್ಲ ತಮ್ಮಾ. ಗೊತ್ತಿಲ್ಲದ್ದೇ ಸ್ಟೇಜ್ ಮೇಲೆ ಕೈ ಕೊಡೋದು." ಚೌಕಾಸಿ ಮಾಡಿದರು, ಬಿಡಲಿಲ್ಲ. 5,000ಕ್ಕೆ ಮುಗಿಯಿತು.

ಲೆಕ್ಕ ಹೀಗಿದೆ. ಗಿಟಾರು 2,200, ತಂತಿ 1,100, ಬಣ್ಣ, ಕ್ಲಿಯರ್, ಥಿನ್ನರ್, ಉಪ್ಪುಕಾಗದ ಸೇರಿ 900, ವೈರು ಮತ್ತು ಜ್ಯಾಕು 250, ಅಂಟು 50, ನನ್ನ ಬಸ್ಸು 300. ಒಟ್ಟು 4,800. ಲಾಭ 200 ರೂಪಾಯಿ. ನಮ್ಮ ಅಕೌಂಟೆನ್ಸಿ ಸರ್‌ಗೆ ತೋರಿಸಿದೆ. ಕನ್ನಡಕ ಮೇಲೆತ್ತಿ, "ನಿನ್ನ ಕೂಲಿ ಎಲ್ಲಪ್ಪಾ? ನಿಮ್ಮ ನಾನಾರ ಕೂಲಿ? ಅದನ್ನು ಸೇರಿಸಿದರೆ ಇದು ನಷ್ಟ" ಎಂದರು. ಅವರು ಹೇಳಿದ್ದು ಸರಿ. ಗೋಡೆಗೆ ನೇತಾಡಿದ ಎರಡು ತಿಂಗಳನ್ನು ಯಾವ ಕಾಲಮ್ಮಿನಲ್ಲಿ ಬರೆಯಬೇಕು ಎಂದು ಕೇಳಬೇಕೆಂದುಕೊಂಡೆ, ಬೆಲ್ ಹೊಡೆಯಿತು.

ಹೋದ ತಿಂಗಳು ಒಂದು ಮದುವೆಗೆ ಹೋಗಿದ್ದೆ. ಹೊರಗೆ ಪೆಂಡಾಲಿನಲ್ಲಿ ಆರ್ಕೆಸ್ಟ್ರಾ ನಡೆಯುತ್ತಿತ್ತು. ಊಟದ ಸಾಲಿನಲ್ಲಿ ನಿಂತವನಿಗೆ ಕಾಲಿನ ಕೆಳಗಿನ ನೆಲ ಸಣ್ಣಗೆ ಅದುರಿದ್ದು ತಿಳಿಯಿತು. ಇಣುಕಿ ನೋಡಿದೆ. ಅದೇ ನೀಲಿ. ದೀಪದ ಬೆಳಕು ತಲೆಯ ಮೇಲೆ ಬಿದ್ದಾಗ ಗೆರೆ ಒಂದು ಕ್ಷಣ ಮಿಂಚಿತು. ಗಟ್ಟಿಯಾಗಿ ನಿಂತಿತ್ತು. ಮಾಸ್ತರು ನನ್ನನ್ನು ನೋಡಲಿಲ್ಲ. ನಾನೂ ಕರೆಯಲಿಲ್ಲ. ಹರಿಹರಕ್ಕೆ ಫೋನ್ ಮಾಡಿ, "ನಾನಾ, ನಿಂತಿದೆ" ಎಂದೆ.

"ನಿಲ್ಲುತ್ತೆ ಅಂತ ಹೇಳಿದ್ದೆನಲ್ಲ," ಎಂದರು ನಾನಾ. "ನಾಲ್ಕನೆಯದು ಯಾವಾಗ ತರ್ತೀ?"

— ದ್ವಿತೀಯ ಪಿಯುಸಿ, ವಾಣಿಜ್ಯ ವಿಭಾಗ